ಫಲಾನಾ, ಫುಲಾನೊ ಮತ್ತು ಕಸಬಾ ಹೋಬಳಿ

ಸ್ಪ್ಯಾನಿಷ್ ಭಾಷೆಯಲ್ಲಿ ಹೆಸರಿಲ್ಲದ ನಾಲ್ಕು ಜನ ಇದ್ದಾರೆ. ಫುಲಾನೊ, ಮೆಂಗಾನೊ, ಸುತಾನೊ, ಪೆರೆಂಗಾನೊ. ನಾವು 'ಯಾವನೋ ಒಬ್ಬ ಬಂದ, ಇನ್ಯಾವನೋ ಹೋದ' ಅಂತೀವಲ್ಲ, ಆ ಯಾವನೋ ಮತ್ತು ಇನ್ಯಾವನೋಗಳೇ ಇವರು. ಕೋಡ್ ಬರೆಯೋರಿಗೆ ಹೇಳಬೇಕಂದ್ರೆ ನಮ್ಮ ಫೂ, ಬಾರ್, ಬಾಜ್ ಇದ್ದಂಗೆ. ಮೊದಲ ಸಲ ಈ ಪಟ್ಟಿ ನೋಡಿದಾಗ ನಾನು ನಕ್ಕಿದ್ದು ಫುಲಾನೊಗೆ. ಯಾಕಂದ್ರೆ ಅವನನ್ನ ನಾನು ಚಿಕ್ಕಂದಿನಿಂದ ಬಲ್ಲೆ. ಮಧುಗಿರಿ ಸಂತೆಗೆ ಶಿರಾ ಕಡೆಯಿಂದ ಬರ್ತಿದ್ದ ವ್ಯಾಪಾರಿಗಳು ತಮ್ಮೊಳಗೆ ಉರ್ದುವಲ್ಲಿ ಮಾತಾಡುವಾಗ 'ಫಲಾನಾ ಢಿಮ್ಕಾ' ಅಂತಿದ್ರು. ಎರಡೂ ಒಂದೇ ಪದ. ಅರಬ್ಬಿಯ 'ಫುಲಾನ್' ಪಶ್ಚಿಮಕ್ಕೆ ಹೋಗಿ ಸ್ಪೇನಿನಲ್ಲಿ ಫುಲಾನೊ ಆದ, ಪೂರ್ವಕ್ಕೆ ಬಂದು ಶಿರಾದಲ್ಲಿ ಫಲಾನಾ ಆದ. ಮೆಂಗಾನೊ ಕೂಡ ಅರಬ್ಬಿಯವನೇ, 'ಯಾರೇ ಆಗಿರಲಿ' ಅನ್ನೋ ಅರ್ಥದ 'ಮನ್ ಕಾನ್' ಅನ್ನೋದರಿಂದ ಹುಟ್ಟಿದವನು. ಅಂದಹಾಗೆ ಫುಲಾನೊ ಅಂದ್ರೆ ಯಾವನೋ ಗಂಡಸು ಅಷ್ಟೇ, ಆದರೆ ಅದೇ ಪದದ ಹೆಣ್ಣು ರೂಪ 'ಫುಲಾನಾ' ಬೈಗುಳ ಆಗಿಬಿಟ್ಟಿದೆ. ಈ ವಿಷಯದಲ್ಲಿ ಎಲ್ಲ ಭಾಷೆಯವರೂ ಒಂದೇ ಊರಿನವರು.

ಪ್ರಾಜೆಕ್ಟ್ ಒಂದರ ದೆಸೆಯಿಂದ ನಾನು ಸ್ಪ್ಯಾನಿಷ್ ಕಲಿಯೋಕೆ ಶುರು ಮಾಡಿದ್ದು. ಮೆಟ್ರೋದಲ್ಲಿ ನಿಂತುಕೊಂಡು ಡ್ಯುಯೊಲಿಂಗೊ ಒತ್ತೋ ಜಾತಿ. ಸ್ಪ್ಯಾನಿಷ್‌ನಲ್ಲಿ ನಗಿಸೋ ಪದಗಳಿಗೇನೂ ಬರವಿಲ್ಲ. 'ಎಸ್ಪೋಸಾಸ್' ಅಂದ್ರೆ ಹೆಂಡತಿಯರು, ಕೈಕೋಳ ಅನ್ನೋದಕ್ಕೂ ಅದೇ ಪದ. ಬೀಗರಿಗೆ ಇಂಗ್ಲಿಷಿನಲ್ಲಿ ನೆಟ್ಟಗೆ ಒಂದು ಪದ ಇಲ್ಲ, ಸ್ಪ್ಯಾನಿಷ್‌ನಲ್ಲಿ 'ಕೊನ್ಸ್ವೆಗ್ರೊ' ಅಂತ ಠೀವಿಯಿಂದ ಇದೆ. ಬೆಳಗಿನ ಜಾವಕ್ಕೆ 'ಮದ್ರುಗಾದಾ' ಅಂತಾರೆ. ಆ್ಯಪ್‌ನಲ್ಲಿ ಅದನ್ನು ಕೇಳಿದಾಗಲೆಲ್ಲ ನನ್ನ ಕಿವಿಗೆ ಮಧುಗಿರಿ ಅಂತಲೇ ಬೀಳೋದು. ಸಂಬಂಧ ಏನೂ ಇಲ್ಲ ಕಣ್ರೀ. ನಮ್ಮೂರು ಮೊದಲು ಮದ್ದಗಿರಿ ಆಗಿತ್ತು, 1927ರಲ್ಲಿ ಮಧುಗಿರಿ ಆಯ್ತು. ಕಿವಿಗೆ ಹತ್ತಿರ ಕೇಳಿಸಿದ್ದೆಲ್ಲ ನೆಂಟರಲ್ಲ. ನೆಂಟಸ್ತಿಕೆ ಹೇಳಬೇಕಾದರೆ ಚರಿತ್ರೆಯ ದಾಖಲೆ ಬೇಕು. ಆ ದಾಖಲೆ ನಮ್ಮ ಕಡೆ ಶಿರಾದಲ್ಲಿದೆ.

ಬೆಂಗಳೂರಿನಿಂದ ಚಿತ್ರದುರ್ಗದ ಕಡೆ ಹೋಗೋರು ಶಿರಾ ಹತ್ತಿರ ಕಾಫಿಗೆ ನಿಲ್ಲಿಸ್ತಾರೆ, ಊರೊಳಗೆ ಹೋಗಲ್ಲ. ಊರೊಳಗೆ ಮಲಿಕ್ ರೆಹಾನನ ಗೋರಿ ಇದೆ, 1696ರ ಜುಮ್ಮಾ ಮಸೀದಿ ಇದೆ, ಕೋಟೆಯ ಉಳಿಕೆ ಇದೆ. ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ 1638ರ ಹೊತ್ತಿಗೆ ಶಿರಾ ಹಿಡಿದ. 1687ರಲ್ಲಿ ಮೊಘಲರ ಖಾಸಿಂ ಖಾನ್ ಬಂದ. ಅದೇ ವರ್ಷ ಅವನ ಕೈಗೆ ಬೆಂಗಳೂರೂ ಸಿಕ್ಕಿತ್ತು. ಅದನ್ನ ಮೂರು ಲಕ್ಷ ರೂಪಾಯಿಗೆ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಕೊಟ್ಟು, ತಾನು ಶಿರಾದಲ್ಲಿ ಕೂತ. ಇವತ್ತು ಮೂರು ಲಕ್ಷಕ್ಕೆ ಬೆಂಗಳೂರಲ್ಲಿ ಕಾರ್ ಪಾರ್ಕಿಂಗ್ ಜಾಗ ಸಿಕ್ಕಿದರೆ ಪುಣ್ಯ. ಆದರೆ ಅವತ್ತಿನ ಲೆಕ್ಕದಲ್ಲಿ ಖಾನ್ ಸಾಹೇಬರ ಆಯ್ಕೆ ತಪ್ಪಲ್ಲ, ರಾಜಧಾನಿಗೆ ಲಾಯಕ್ಕಾಗಿ ಕಂಡ ಊರು ಶಿರಾ. ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಅನ್ನೋ ಏಳು ಪರಗಣೆಗಳು ಸೇರಿ ಶಿರಾ ಸುಬಾ. ಕಾಗದದ ಮೇಲೆ ಮೈಸೂರು, ಚಿತ್ರದುರ್ಗ, ಬಿದನೂರುಗಳೂ ಅದಕ್ಕೆ ಕಪ್ಪ ಕೊಡಬೇಕಾದ ಸಂಸ್ಥಾನಗಳೇ. ಅಂದ್ರೆ ಸುಮಾರು ಎಪ್ಪತ್ತು ವರ್ಷ ಈಗಿನ ದಕ್ಷಿಣ ಕರ್ನಾಟಕದ ಲೆಕ್ಕಪತ್ರದ ಹೆಡ್ಡಾಫೀಸು ಇದ್ದಿದ್ದು ಇಲ್ಲಿ. ದಿಲಾವರ್ ಖಾನನ ಕಾಲದಲ್ಲಿ ಊರಲ್ಲಿ ಐವತ್ತು ಸಾವಿರ ಮನೆ ಇದ್ದವು ಅನ್ನೋ ಅಂದಾಜನ್ನು ಲೂಯಿಸ್ ರೈಸ್ ಗೆಜೆಟಿಯರ್ ಬರೆದಿಟ್ಟಿದೆ. ಆಮೇಲೆ 1757ರಲ್ಲಿ ಮರಾಠರು, 1761ರಲ್ಲಿ ಹೈದರ್, 1766ರಲ್ಲಿ ಮತ್ತೆ ಮರಾಠರು, 1774ರಲ್ಲಿ ಟಿಪ್ಪು. ಟಿಪ್ಪು ಶ್ರೀರಂಗಪಟ್ಟಣದ ಪಕ್ಕದ ಗಂಜಾಂ ತುಂಬಿಸೋಕೆ ಹನ್ನೆರಡು ಸಾವಿರ ಕುಟುಂಬಗಳನ್ನ ಶಿರಾದಿಂದ ಬಲವಂತವಾಗಿ ಎಬ್ಬಿಸಿಕೊಂಡು ಹೋದ ಅಂತಲೂ ಅದೇ ಗೆಜೆಟಿಯರ್ ಹೇಳುತ್ತೆ. ಜನ ಹೋದರು, ಅರಮನೆ ಹೋಯ್ತು. ಪದಗಳು ಮಾತ್ರ ಎಲ್ಲಿಗೂ ಹೋಗಲಿಲ್ಲ.

ಎಲ್ಲ ಪದವೂ ಶಿರಾದಿಂದಲೇ ಹುಟ್ಟಿ ಹರಡಿದವು ಅಂತ ನಾನು ಹೇಳ್ತಿಲ್ಲ. ಬಿಜಾಪುರ ಮುಂಚೆಯೇ ತಂದಿತ್ತು, ಮರಾಠಿ ದಫ್ತರದವರು ತಂದರು, ಟಿಪ್ಪು ಕಾಲದ ಪಾರ್ಸಿ ಲೆಕ್ಕ ತಂದಿತು. ಆದರೆ ನಮ್ಮ ನಾಲ್ಕು ತಾಲ್ಲೂಕಿನ ಮಟ್ಟಿಗೆ ಈ ಭಾಷೆ ಮಾತಾಡುವ ಸರ್ಕಾರ ದೂರದ ದಿಲ್ಲಿಯಲ್ಲಿರಲಿಲ್ಲ, ಗಾಡಿ ಕಟ್ಟಿಕೊಂಡು ಹೋಗಿ ಬರುವಷ್ಟು ದೂರದಲ್ಲಿತ್ತು ಅನ್ನೋದು ಮುಖ್ಯ. ಮದ್ದಗಿರಿಯ ಗೌಡನಾಗಲಿ ಕೊರಟಗೆರೆಯ ಪಾಳೆಯಗಾರನಾಗಲಿ, ಪಕ್ಕದಲ್ಲೇ ಕೂತ ಸರ್ಕಾರದ ಲೆಕ್ಕದ ಭಾಷೆ ಕಿವಿಗೆ ಬೀಳದಂಗೆ ಬದುಕೋಕೆ ಆಗ್ತಿರಲಿಲ್ಲ.

ಈಗ ಸ್ಪೇನಿಗೆ ಬನ್ನಿ. 711ರಲ್ಲಿ ಅರಬ್ಬರೂ ಬರ್ಬರರೂ ಜಲಸಂಧಿ ದಾಟಿ ಅಲ್ಲಿಗೆ ಹೋದರು, 1492ರಲ್ಲಿ ಗ್ರನಾಡಾ ಬಿತ್ತು. ನಡುವಿನ ಎಂಟು ಶತಮಾನದಲ್ಲಿ ಸ್ಪ್ಯಾನಿಷ್‌ಗೆ ಸುಮಾರು ನಾಲ್ಕು ಸಾವಿರ ಅರಬ್ಬಿ ಮೂಲದ ಪದಗಳು ಸೇರಿದವು ಅನ್ನೋದು ಸಾಮಾನ್ಯವಾಗಿ ಕೊಡೋ ಲೆಕ್ಕ. ಬಹಳಷ್ಟು 'ಅಲ್' ಅಂತ ಶುರುವಾಗ್ತವೆ, ಅದು ಅರಬ್ಬಿಯ ಬಾಲ, ಅಲ್ಲ, ಮೂಗು. ಸೆರ್ವಾಂತೆಸ್‌ನ ಡಾನ್ ಕಿಹೋಟೆ ತನ್ನ ಸೇವಕ ಸಾಂಚೊಗೆ ಈ ಸೂತ್ರವನ್ನೇ ಪಾಠ ಮಾಡುವ ಜಾಗ ಕಾದಂಬರಿಯ ಎರಡನೇ ಭಾಗದಲ್ಲಿದೆ. ಅಲ್ಲಿ ಅವನು ಕೊಡೋ ಉದಾಹರಣೆಗಳಲ್ಲಿ 'ಅಲ್ಮೋರ್ಸಾರ್', ಅಂದ್ರೆ ಊಟ ಮಾಡೋದು, ಅರಬ್ಬಿಯೇ ಅಲ್ಲ, ಲ್ಯಾಟಿನ್. ವಾಟ್ಸಾಪ್ ಪಂಡಿತರು ಆವಾಗಲೂ ಇದ್ರು ಅನ್ನಿ.

ಮಾಲಗಾ, ಅಲ್ಮೆರಿಯಾ ಊರುಗಳಿಗೆ ಹೋದ ಟೂರಿಸ್ಟುಗಳೆಲ್ಲ ಬೆಟ್ಟದ ಮೇಲಿನ ಕೋಟೆ ಮುಂದೆ ಸೆಲ್ಫಿ ತೆಗೀತಾರೆ. ಆ ಕೋಟೆಯ ಹೆಸರು 'ಅಲ್ಕಸಾಬಾ'. ಮೂಗು ತೆಗೆದು ನೋಡಿ: ಕಸಬಾ. ಮಧುಗಿರಿ ಕಸಬಾ ಹೋಬಳಿ, ಶಿರಾ ಕಸಬಾ ಹೋಬಳಿ, ಪಾವಗಡ ಕಸಬಾ ಹೋಬಳಿ. ಅರಬ್ಬಿಯಲ್ಲಿ ಕೋಟೆ ಇರುವ ಮುಖ್ಯ ಊರು ಅನ್ನೋ ಅರ್ಥ. ಸ್ಪೇನಿನವರು ಕೋಟೆ ಇಟ್ಟುಕೊಂಡರು, ನಾವು ಊರು ಇಟ್ಟುಕೊಂಡೆವು. ಮಧುಗಿರಿಯಲ್ಲಂತೂ ಎರಡೂ ಇದೆ, ಏಕಶಿಲೆಯ ಬೆಟ್ಟ ಹತ್ತಿದವರಿಗೆ ಗೊತ್ತಿರುತ್ತೆ. ನನ್ನ ಪಹಣಿಯ ನೆತ್ತಿ ಮೇಲೆ ಇರೋ 'ಕಸಬಾ' ಅನ್ನೋ ಮೂರಕ್ಷರಕ್ಕೆ ಅಲ್ಹಂಬ್ರಾದಲ್ಲಿ ದಾಯಾದಿ ಇದ್ದಾನೆ ಅಂತ ತಿಳಿದ ದಿನ ಆಫೀಸಿನಲ್ಲಿ ಸಿಕ್ಕವರಿಗೆಲ್ಲ ಹೇಳಿದೆ. ಒಬ್ಬರೂ ಕುಣಿಯಲಿಲ್ಲ. ಇರಲಿ. ಕುಲಕಸುಬಿನ 'ಕಸಬು' ಮಾತ್ರ ಬೇರೆ, ಅದು ಸಂಪಾದನೆ ಅನ್ನೋ ಅರ್ಥದ ಇನ್ನೊಂದು ಅರಬ್ಬಿ ಪದ. ಕನ್ನಡದ ಬಾಯಿಗೆ ಎರಡೂ ಕ ಒಂದೇ ಆಗಿ ಕಲೆತುಹೋಗಿವೆ.

ಕಸಬಾ ಕೆದಕಿದ ಮೇಲೆ ವಿಳಾಸದ ಉಳಿದ ಭಾಗ ಬಿಡೋಕಾಗುತ್ತಾ? ತಾಲ್ಲೂಕು ಅಂದ್ರೆ ಅರಬ್ಬಿಯ 'ತಅಲ್ಲುಕ್', ಸಂಬಂಧ, ನಂಟು. ಜಿಲ್ಲೆ ಅಂದ್ರೆ ಪಕ್ಕೆಲುಬು! ಪಕ್ಕೆ, ಮಗ್ಗುಲು, ಆಮೇಲೆ ಪ್ರದೇಶ. ತಹಶೀಲು ಅಂದ್ರೆ ವಸೂಲಿ, ಅದನ್ನ ಮಾಡೋನು ತಹಶೀಲ್ದಾರ. ಹಳೇ ಮೈಸೂರಿನಲ್ಲಿ ಆ ಕುರ್ಚಿಯಲ್ಲಿ ಕೂರ್ತಿದ್ದೋರು ಅಮಲ್ದಾರರು. ಅಮಲು ಅಂದ್ರೆ ಅಧಿಕಾರ ನಡೆಸೋದು, ಅಮಲು ಅಂದ್ರೆ ನಿಶೆ. ಒಂದೇ ಪದಕ್ಕೆ ಈ ಎರಡರ್ಥ ಕೊಟ್ಟ ಜನರ ಜಾಣತನಕ್ಕೆ ನಾನು ಕೈ ಮುಗೀತೀನಿ. ಹೋಬಳಿ ಮಾತ್ರ ಕನ್ನಡದ ಮಾತು. ಹಿಂಗಾಗಿ ಒಬ್ಬ ರೈತನ ವಿಳಾಸ ಅಂದ್ರೆ, ನಂಟಿನೊಳಗೆ ಪಕ್ಕೆಲುಬಿನೊಳಗೆ ಕೋಟೆಯೊಳಗೆ ಒಂದು ಹಳ್ಳಿ. 'ರೈತ' ಅನ್ನೋ ಪದವೂ 'ರಈಯತ್', ಅಂದ್ರೆ ಮೇಯಿಸುವವನ ಕೈಕೆಳಗಿನ ಮಂದೆ, ಆಳಿಸಿಕೊಳ್ಳುವ ಪ್ರಜೆ. ಬೆನ್ನೆಲುಬು ಅಂತ ಭಾಷಣದಲ್ಲಿ ಹೊಗಳ್ತಾರೆ, ಪದದೊಳಗೆ ಮಾತ್ರ ಅವನು ಕುರಿಮಂದೆ.

ಅಣ್ಣ ತಮ್ಮಂದಿರು ಬೇರೆ ಬೇರೆ ಮನೆಗೆ ದತ್ತು ಹೋದಂಗೆ ಆಗಿರುವ ಪದಗಳೇ ನನಗೆ ಹೆಚ್ಚು ಇಷ್ಟ. ಅರಬ್ಬಿಯಲ್ಲಿ ಕುಡಿಯುವಂಥದ್ದು ಅನ್ನೋದು 'ಶರಾಬ್'. ಸ್ಪೇನಿಗೆ ಹೋಗಿ 'ಹರಾಬೆ' ಆಗಿ ಪಾನಕದ ಪಾಕ, ಕೆಮ್ಮಿನ ಸಿರಪ್ಪು ಆಯ್ತು. ಇಲ್ಲಿಗೆ ಬಂದು ಶರಾಬು ಆಗಿ ಏನಾಯ್ತು ಅಂತ ಬಿಡಿಸಿ ಹೇಳಬೇಕಿಲ್ಲ. ಅದೇ ಬೇರಿನ ಶರಬತ್ತು ಮಾತ್ರ ಸಭ್ಯ ಮನೆತನದಲ್ಲಿ ಉಳಿದುಕೊಂಡಿದೆ. 'ಮಿಸ್ಕೀನ್' ಅಂದ್ರೆ ದಿಕ್ಕಿಲ್ಲದ ಬಡವ. ಶಿರಾದ ಉರ್ದುವಿನಲ್ಲಿ ಇವತ್ತಿಗೂ ಅವನು ಬಡಪಾಯಿಯೇ, ಸ್ಪೇನಿನಲ್ಲಿ ಅವನು 'ಮೆಸ್ಕಿನೊ', ಅಂದ್ರೆ ಜಿಪುಣ. ಬಡವನನ್ನು ಜಿಪುಣ ಅಂತ ಕರೆಯೋದು ಸಾಹುಕಾರರ ಭಾಷೆ, ಅಲ್ವಾ? ಬೆಲೆ ತಿಳಿಸೋ ಪಟ್ಟಿ 'ತಾರಿಫಾ', ಇಂಗ್ಲಿಷಿನ ಟ್ಯಾರಿಫ್ ಇದೇ. ನಮ್ಮಲ್ಲಿ ಅದೇ ಬೇರಿನ 'ತಾರೀಫು' ಹೊಗಳಿಕೆ. ಖಜಾನೆಯ ಬೇರಿನಿಂದ ಹುಟ್ಟಿದ ಉಗ್ರಾಣ 'ಅಲ್ಮಸೇನ್', ಅದರ ನೆಂಟ ಇಂಗ್ಲಿಷಿನ ಮ್ಯಾಗಜೀನ್. ಸುಂಕದ ಕಟ್ಟೆ 'ಅದ್ವಾನಾ', ಅದು ನಮ್ಮ ದಿವಾನರ ದಿವಾನ. ಏರ್‌ಪೋರ್ಟಿನಲ್ಲಿ ಆ ಬೋರ್ಡ್ ನೋಡಿದ ಕನ್ನಡಿಗ 'ಅಧ್ವಾನ' ಅಂತ ಓದಿಕೊಂಡರೆ ತಪ್ಪೇನಿಲ್ಲ, ಲಗೇಜ್ ಬಿಚ್ಚಿಸಿದ ಮೇಲೆ ಅರ್ಥ ಸರಿಹೋಗುತ್ತೆ.

ಇಮೇಲ್ ವಿಳಾಸದ ನಡುವೆ ಸುತ್ತಿಕೊಂಡಿರೋ 'ಅಟ್' ಚಿಹ್ನೆಗೆ ಸ್ಪ್ಯಾನಿಷ್ ಹೆಸರು 'ಅರ್ರೋಬಾ'. ಅದೊಂದು ಹಳೇ ತೂಕ. ಅರಬ್ಬಿಯಲ್ಲಿ ಕಾಲು ಭಾಗ ಅನ್ನೋ 'ರುಬ್' ಅದರ ಮೂಲ. ಯಾವುದರ ಕಾಲು ಭಾಗ? ಕ್ವಿಂಟಾಲಿನದು. ಆಗಿನ ಕ್ವಿಂಟಾಲ್ ನೂರು ಪೌಂಡು, ಅರ್ರೋಬಾ ಇಪ್ಪತ್ತೈದು ಪೌಂಡು, ಸುಮಾರು ಹನ್ನೊಂದೂವರೆ ಕಿಲೋ. ದಿನಕ್ಕೆ ಐವತ್ತು ಸಲ ನಾವು ಕೀಬೋರ್ಡಿನಲ್ಲಿ ಒತ್ತುವುದು ಒಂದು ಮೂಟೆಯ ತೂಕದ ಗುರುತು. ಕ್ವಿಂಟಾಲ್ ಕೂಡ ಅರಬ್ಬಿಯ 'ಕಿಂತಾರ್' ಮೂಲಕವೇ ಯುರೋಪು ಸುತ್ತಿ ನಮ್ಮ ಎಪಿಎಂಸಿಗೆ ಬಂದಿದೆ. ತುಮಕೂರು ಮಂಡಿಯಲ್ಲಿ ಬೇಸಿಗೆ ಶುರುವಾದರೆ ಕ್ವಿಂಟಾಲ್‌ಗಟ್ಟಲೆ ಹುಣಸೆಹಣ್ಣು ಹರಾಜಾಗುತ್ತೆ, ಅದರಲ್ಲಿ ನಮ್ಮ ಮಧುಗಿರಿ, ಕೊರಟಗೆರೆ, ಪಾವಗಡ, ಶಿರಾದ್ದೇ ಎಷ್ಟೋ ಮೂಟೆ. ಹುಣಸೆಗೆ ಸ್ಪ್ಯಾನಿಷ್‌ನಲ್ಲಿ 'ತಮರಿಂದೊ'. ಅರಬ್ಬಿಯ 'ತಮ್ರ್ ಹಿಂದಿ', ಅಂದ್ರೆ ಹಿಂದೂಸ್ತಾನದ ಖರ್ಜೂರ. ಅರಬ್ ವ್ಯಾಪಾರಿ ನಮ್ಮ ಹುಣಸೆ ನೋಡಿ ತನ್ನೂರಿನ ಖರ್ಜೂರ ನೆನೆಸಿಕೊಂಡ. ಬಾಯಿಗೆ ಹಾಕಿಕೊಂಡ ಮೇಲೂ ಹೆಸರು ಬದಲಾಯಿಸಲಿಲ್ಲ ಅನ್ನೋದು ಸೋಜಿಗ. ಕಲ್ಲಂಗಡಿಯನ್ನ 'ಸಂದೀಯಾ' ಅಂತಾರೆ, ಅದು ಸಿಂಧ್ ದೇಶದ್ದು ಅನ್ನೋ ಅರ್ಥ.

ಪಾವಗಡದ ಕಡಲೆಕಾಯಿ ಕಥೆ ಉಲ್ಟಾ. ಅದು ಅಮೆರಿಕ ಖಂಡದಿಂದ ಬಂದ ಬೆಳೆ. ನಮ್ಮ ಕಡೆ ಬಹುಕಾಲ ಬಿತ್ತಿದ ಟಿಎಂವಿ-2 ತಳಿ 1940ರಲ್ಲಿ ತಿಂಡಿವನದಿಂದ ಬಿಡುಗಡೆ ಆದದ್ದು. ಕೃಷಿ ವಿಜ್ಞಾನಿಗಳ ಪುಸ್ತಕದಲ್ಲಿ ಅದರ ಜಾತಿ 'ಸ್ಪ್ಯಾನಿಷ್ ಬಂಚ್'! ಡ್ಯುಯೊಲಿಂಗೊ ಹುಟ್ಟುವ ಮುಂಚೆಯೇ ನಮ್ಮ ತಾತ ಸ್ಪ್ಯಾನಿಷ್ ಬಿತ್ತಿ, ಕಿತ್ತು, ಸುಟ್ಟು ತಿಂದಿದ್ದ. ಸ್ಪೇನಿನಲ್ಲಿ ಅದಕ್ಕೆ 'ಕಕಾವೆತೆ' ಅಂತಾರೆ, ಮೆಕ್ಸಿಕೋದ ನಾವಾತ್ಲ್ ಭಾಷೆಯ 'ತ್ಲಾಲ್‌ಕಕಾವಾತ್ಲ್' ಅನ್ನೋದನ್ನ ತಿರುಚಿದ್ದು. 'ತ್ಲಾಲ್' ಅಂದ್ರೆ ನೆಲ, ಉಳಿದದ್ದು ಕೋಕೋ ಬೀಜ. ನೆಲದ ಕೋಕೋ. ಕನ್ನಡದಲ್ಲಿ? ನೆಲಗಡಲೆ. ಒಬ್ಬರ ಮುಖ ಒಬ್ಬರು ನೋಡದ ಇಬ್ಬರು ರೈತರು ಮಣ್ಣೊಳಗಿನ ಕಾಯಿ ಕಿತ್ತು ನೋಡಿ, ತಾವು ಕಂಡ ಕಾಳಿಗೆ ಹೋಲಿಸಿ ಒಂದೇ ಸೂತ್ರದಲ್ಲಿ ಹೆಸರಿಟ್ಟರು. ಮೆಣಸಿನಕಾಯಿಯೂ ಹಿಂಗೇ. ಕರಿಮೆಣಸಿಗೆ 'ಪಿಮಿಯೆಂತಾ', ಆ ಖಾರ ಇದ್ದ ಹೊಸ ಕಾಯಿಗೆ 'ಪಿಮಿಯೆಂತೊ'. ನಾವು ಮೆಣಸು ಇದ್ದದ್ದನ್ನ ಮೆಣಸಿನ ಕಾಯಿ ಮಾಡಿಕೊಂಡೆವು.

ಇಷ್ಟು ತಮಾಷೆ ಸಾಕು. ಇದನ್ನೆಲ್ಲ ಹೇಳುವಾಗ ಗೆಳೆಯರ ಗುಂಪಿನಲ್ಲಿ ಒಂದು ಮಾತು ಬಂದೇ ಬರುತ್ತೆ. 'ಈ ಪಾರ್ಸಿ ಅರಬ್ಬಿ ಎಲ್ಲ ಯಾಕೆ ಇನ್ನೂ ಇಟ್ಕೊಂಡಿದೀವಿ? ಆಳೋಕೆ ಬಂದೋರು ಹೇರಿದ್ದು, ಕಿತ್ತು ಹಾಕಿ ಅಚ್ಚಗನ್ನಡ ತರಬೇಕು' ಅಂತ. ಹೊಸ ಕನ್ನಡ ಪದ ಕಟ್ಟೋರ ಮೇಲೆ ನನಗೆ ಗೌರವ ಇದೆ, ನಾನೂ ಕಟ್ಟಿದ್ದೀನಿ. ಆದರೆ ಕಿತ್ತು ಹಾಕೋ ಕೆಲಸವನ್ನ ಸ್ಪೇನ್ ಮಾಡಿ ನೋಡಿದೆ. 1567ರಲ್ಲಿ ಎರಡನೇ ಫಿಲಿಪ್ ದೊರೆ ಅರಬ್ಬಿ ಮಾತಾಡೋದು, ಬರೆಯೋದು, ಆ ಉಡುಗೆ ಉಡೋದು ಎಲ್ಲವನ್ನೂ ನಿಷೇಧಿಸಿದ. ಮರುವರ್ಷ ಗ್ರನಾಡಾ ಪಕ್ಕದ ಅಲ್ಪುಹರ್ರಾಸ್ ಬೆಟ್ಟಗಳಲ್ಲಿ ದಂಗೆ ಎದ್ದಿತು. ಅದನ್ನ ತುಳಿದು ಹಾಕಿದ್ದಾಯ್ತು. 1609ರಿಂದ 1614ರವರೆಗೆ, ಮತಾಂತರಗೊಂಡಿದ್ದ ಮುಸಲ್ಮಾನರ ಮಕ್ಕಳು ಮೊಮ್ಮಕ್ಕಳನ್ನ ಹಡಗು ಹತ್ತಿಸಿ ಕಳಿಸಿದ್ದೂ ಆಯ್ತು. ಆ ಎಲ್ಲ ವರ್ಷಗಳೂ ಅದೇ ದೊರೆಗಳ ಸರ್ಕಾರ ಮಾರಾಟದ ಮೇಲೆ ವಸೂಲು ಮಾಡ್ತಿದ್ದ ತೆರಿಗೆಯ ಹೆಸರು 'ಅಲ್ಕಬಾಲಾ'. ನಮ್ಮ 'ಕಬೂಲು' ಇದೆಯಲ್ಲ, ಅದರ ಬೇರೇ. ಸುಂಕ ಕಟ್ಟಿಸಿಕೊಂಡಿದ್ದು ಅದ್ವಾನಾದಲ್ಲಿ. ಊರಿನ ನ್ಯಾಯ ನೋಡಿಕೊಂಡಿದ್ದು 'ಅಲ್ಕಾಲ್ದೆ', ಅಂದ್ರೆ ಅಲ್ ಖಾಜಿ. ಮಾತಾಡೋ ಜನರನ್ನ ಓಡಿಸಬಹುದು, ವಸೂಲಿಯ ಪದವನ್ನ ಯಾವ ದೊರೆಯೂ ಬಿಡಲ್ಲ.

ನಮ್ಮಲ್ಲೂ ಈ ಪದಗಳು ಬರೀ ನಿಘಂಟಿನ ವಿಷಯ ಅಲ್ಲ, ಜಮೀನಿನ ವಿಷಯ. 2000ದ ಸುಮಾರಿಗೆ 'ಭೂಮಿ' ತಂತ್ರಾಂಶ ಬಂದಾಗ ಶಾನುಭೋಗರ ಕೈಬರಹದ ಪುಸ್ತಕಗಳು ಡೇಟಾಬೇಸ್ ಆದವು. ಕಾಲಂಗಳ ಹೆಸರು ಮಾತ್ರ ಹಳೇವೇ. ಮಳೆ ನಂಬಿದ ಒಣ ಭೂಮಿ ಖುಷ್ಕಿ, ನೀರಿನದು ತರಿ, ತೋಟ ಬಾಗಾಯ್ತು. ಮೂರೂ ಪಾರ್ಸಿ. ಪಾವಗಡದಲ್ಲಿ ಬಹುಪಾಲು ಖುಷ್ಕಿಯೇ, ಖುಷಿ ಎಷ್ಟು ಅಂತ ಕೇಳಬೇಡಿ. ಆಮೇಲೆ 'ಖರಾಬು'. ಅದರಲ್ಲಿ ಅ ಖರಾಬು ಅಂದ್ರೆ ಬಂಡೆ, ಕಲ್ಲು, ಬೇಸಾಯಕ್ಕೆ ಬಾರದ್ದು. ಬ ಖರಾಬು ಅಂದ್ರೆ ಹಳ್ಳ, ದಾರಿ, ಸಾರ್ವಜನಿಕರಿಗೆ ಮೀಸಲಾದದ್ದು. ಅ ಇದ್ದ ಜಾಗದಲ್ಲಿ ಬ ಬಿದ್ದರೆ ಹೊಲದ ಒಂದು ಮೂಲೆ ನಿಮ್ಮದಲ್ಲ. 'ತಕರಾರು' ಅನ್ನೋದು ಅರಬ್ಬಿಯಲ್ಲಿ ಪುನರಾವರ್ತನೆ, ಮತ್ತೆ ಮತ್ತೆ ಹೇಳೋದು. ಕೋಡಿನಲ್ಲಿ ಲೂಪ್ ಅಂತೀವಲ್ಲ, ಅದು. ತಾಲ್ಲೂಕು ಕಚೇರಿ ಮುಂದೆ ನಿಂತವರಿಗೆ ಈ ಮೂಲಾರ್ಥ ನಿಘಂಟು ನೋಡದೆಯೇ ಗೊತ್ತು.

ಎಲ್ಲಕ್ಕಿಂತ ಭಾರದ ಪದ 'ಬಗರ್ ಹುಕುಂ'. ಹುಕುಂ ಇಲ್ಲದೆ, ಅಪ್ಪಣೆ ಇಲ್ಲದೆ. ಸರ್ಕಾರಿ ಭೂಮಿಯನ್ನ ಹಸನು ಮಾಡಿ ಎರಡು ಮೂರು ತಲೆಮಾರು ಉತ್ತವರ ಸಾಗುವಳಿಗೆ ಇರೋ ಹೆಸರು ಇದೇ. ಪಾವಗಡದ ತಿರುಮಣಿ, ಬಳಸಮುದ್ರದ ಕಡೆ ಹದಿಮೂರು ಸಾವಿರ ಎಕರೆಯಲ್ಲಿ ಸೋಲಾರ್ ಪಾರ್ಕ್ ಬಂದಾಗ ಜಮೀನನ್ನ ಕೊಂಡುಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ ಇಪ್ಪತ್ತೊಂದು ಸಾವಿರದ ಲೆಕ್ಕದಲ್ಲಿ ಗುತ್ತಿಗೆಗೆ ತಗೊಂಡರು. ಬರದ ಸೀಮೆಯಲ್ಲಿ ಅದು ಸಣ್ಣ ದುಡ್ಡಲ್ಲ, ಹಾಗೆ ಬಂದ ದುಡ್ಡಲ್ಲಿ ಮಗಳ ಮದುವೆ ಮಾಡಿದ, ಸಾಲ ತೀರಿಸಿದ ಮನೆಗಳನ್ನ ನಾನು ಬಲ್ಲೆ. ಆದರೆ ಗುತ್ತಿಗೆ ಹಣ ಬರೋದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಮಣ್ಣಲ್ಲಿ ಕೂಲಿ ಮಾಡ್ತಿದ್ದವನಿಗೆ ಕಾಲಂ ಇಲ್ಲ. ಹುಕುಂ ಇಲ್ಲದೆ ಉತ್ತವನಿಗೂ ಇಲ್ಲ.

ಸ್ಪ್ಯಾನಿಷ್‌ನಲ್ಲಿ ಪಾಳು ಭೂಮಿಗೆ 'ಬಾಲ್ದಿಯೊ' ಅಂತಾರೆ. ಅರಬ್ಬಿಯ 'ಬಾತಿಲ್', ಅಂದ್ರೆ ವ್ಯರ್ಥ, ಕೆಲಸಕ್ಕೆ ಬಾರದ್ದು, ಅದರಿಂದ ಬಂದದ್ದು. ಹದಿನಾರನೇ ಶತಮಾನದಲ್ಲಿ ಸಾಲದಲ್ಲಿ ಮುಳುಗಿದ್ದ ಅದೇ ಎರಡನೇ ಫಿಲಿಪ್ ಬಾಲ್ದಿಯೊಗಳನ್ನ ಮಾರೋಕೆ ಅಧಿಕಾರಿಗಳನ್ನ ಹಳ್ಳಿಗಳಿಗೆ ಕಳಿಸಿದ. ಹಳ್ಳಿಯವರಿಗೆ ಆ ನೆಲ ಪಾಳಲ್ಲ, ಹಿರಿಯರ ಕಾಲದಿಂದ ಉಳ್ತಿದ್ದ ಹೊಲ. ಕಾಗದ ಇಲ್ಲ ಅಷ್ಟೇ. ಎಷ್ಟೋ ಜನ ತಾವು ಉಳುತ್ತಿದ್ದ ಹೊಲವನ್ನೇ ಸಾಲ ಮಾಡಿ ದೊರೆಯಿಂದ ಕೊಂಡರು, ಆಗದವರು ಬಿಟ್ಟರು.

ನನ್ನ ಸೋದರಮಾವ ಮೂರು ಎಕರೆ ಬಗರ್ ಹುಕುಂ ಜಮೀನಿಗೆ ಅರ್ಜಿ ಹಾಕಿ ವರ್ಷಗಳಾದವು. ನಮೂನೆ 50 ಆಯ್ತು, 53 ಆಯ್ತು, ಈಗ 57. ಸ್ಪೇನಿನ ಈ ಕಥೆಯನ್ನ ಅವರಿಗೆ ಹೇಳಿದಾಗ ಹುಣಸೆಹಣ್ಣು ಬಿಡಿಸ್ತಾ ಕೂತಿದ್ದರು. ಪೂರ್ತಿ ಕೇಳಿಸಿಕೊಂಡು, 'ಅಲ್ಲಿಯೋರಿಗೆ ದುಡ್ಡು ಕೊಟ್ಟ ಮ್ಯಾಲಾದ್ರೂ ಕಾಗದ ಸಿಕ್ತೇನಪ್ಪ?' ಅಂತ ಕೇಳಿದರು. ಸಿಕ್ತು ಅಂದೆ.

'ಹಂಗಾದ್ರೆ ಪರವಾಗಿಲ್ಲ ಆ ರಾಜ' ಅಂದು ಬೀಜ ಒಂದು ಕಡೆ, ಹಣ್ಣು ಒಂದು ಕಡೆ ಹಾಕೋಕೆ ಶುರು ಮಾಡಿದರು.